ಐಸ್ ತರಲು ಹೋಗಿದ್ದೆ

ಹತ್ತೇ ನಿಮಿಷ ಅಂತ ಎಲ್ಲರಿಗೂ ಹೇಳಿದ್ದೇನೆ.
ನಿಜ ಹೇಳಿದರೆ ಮುಕ್ಕಾಲು ಗಂಟೆ.
ಎದುರಿನ ಪೆಟ್ರೋಲ್ ಬಂಕಿನಲ್ಲಿ ನಿಂತು
ಕೊಳ್ಳದ ಕಾಮಿಕ್ಸೊಂದನ್ನು ಕೊನೆಯವರೆಗೂ ಓದಿದೆ.
ಸಂಜೆ ಅಪ್ಪನ ದೋಣಿ ಬರುವುದಿತ್ತು, ಸಿಗಡಿಗೆ ಐಸ್ ಬೇಕಿತ್ತು.
ಅಂಗಡಿಯಲ್ಲಿ ಕೈ ಅಮ್ಮನದು, ಬಾಯಿ ನನ್ನದು.
ಹನ್ನೊಂದು ವರ್ಷಕ್ಕೇ ನಾನು ಅವಳ ಇಂಗ್ಲಿಷ್.
ಆವತ್ತು ಅವಳ ಇಂಗ್ಲಿಷ್ ರಸ್ತೆ ದಾಟಿ ಹೋಗಿತ್ತು.

ಪೋರ್ಟ್ ಆರ್ಥರ್. ಹೊರಗೆ ರಿಫೈನರಿಯ ವಾಸನೆ,
ಒಳಗೆ ಅಸಿಟೋನಿನದು, ನಡುವೆ ಒಂದು ಗಾಜು.
ಮಿಸ್ ಅರ್ನೆಲ್ ಕಾರಿನಿಂದ ಇಳಿಯಲಿಲ್ಲ,
ಚರ್ಚಿನ ಹಿತ್ತಲಲ್ಲಿ ಮೀನು ಕರಿಯುವ ಸರದಿ ಅವರದು.
ಮೊಮ್ಮಗಳನ್ನು ಬಾಗಿಲಲ್ಲಿ ಇಳಿಸಿ
"ಬಣ್ಣ ಅಷ್ಟೇ!" ಎಂದು ಕೂಗಿ ಕೈಬೀಸಿದರಂತೆ.
ಅಮ್ಮನೂ ನಕ್ಕು ಕೈಬೀಸಿದಳಂತೆ.

ಒಡೆಟ್. ಆರು ವರ್ಷ. ಮುಂದಿನ ಎರಡು ಹಲ್ಲಿಲ್ಲ.
ಎರಡು ದಿಂಬಿನ ಮೇಲೆ ಕೂತು
ಮುಷ್ಟಿ ಬಿಚ್ಚಿ ಬೆವೆತ ನಾಲ್ಕು ನೋಟು ತೋರಿಸಿದಳು:
"ಟಿಪ್ಸ್."
ದಾರಿಯುದ್ದಕ್ಕೂ ಅಜ್ಜಿ ಉರುಹೊಡೆಸಿದ ಮಾತು.

ಅಮ್ಮನಿಗೆ ಆ ಪದ ಗೊತ್ತಿತ್ತು.
ಕೆಲಸಕ್ಕೆ ಸೇರಿ ಒಂದು ತಿಂಗಳು;
ಗೋಡೆಯ ಬೋರ್ಡನ್ನಷ್ಟೇ ಕಲಿತಿದ್ದಳು.
ಮೂರನೇ ಸಾಲು: ಟಿಪ್ಸ್, ನಲವತ್ತೈದು ಡಾಲರ್.
ಉಗುರಿನ ತುದಿಗೆ ಅಂಟಿಸುವ ಉಗುರು.
ಕೈಗಿಟ್ಟು ಹೋಗುವ ಚಿಲ್ಲರೆಗೆ ನಾವು ಬೋ ಅನ್ನುತ್ತಿದ್ದೆವು.
"ಟಿಪ್ಸ್? ನಿಜವಾ?"
"ಹೂಂ. ಅಜ್ಜಿ ಹೇಳಿದ್ದಾರೆ."

ಅರ. ಗೋಂದು. ಪೆಟ್ಟಿಗೆಯ ಅತಿ ಸಣ್ಣ ಅಳತೆಯೂ
ಆ ಕಿರುಬೆರಳಿಗೆ ದೋಣಿಯಷ್ಟು.
ಕತ್ತರಿಸಿ, ಉಜ್ಜಿ, ಊದಿ, ಮತ್ತೆ ಕತ್ತರಿಸಿ.
ಒಡೆಟ್ ಕಣ್ಣು ಮಿಟುಕಿಸಲೂ ಅಂಜಿದಳು.
ಬಣ್ಣ ಹತ್ತುವುದೇ ಹೀಗಿರಬಹುದು.

ನಾನು ಬಂದಾಗ ಅವಳು
ಜ್ಯೂಸಿನ ಡಬ್ಬಿಯನ್ನು ಎರಡು ಅಂಗೈ ನಡುವೆ ಒತ್ತಿ
ಏಡಿಯ ಹಾಗೆ ಎತ್ತುತ್ತಿದ್ದಳು.
ಹತ್ತು ಕಿತ್ತಳೆ ಕೊಕ್ಕು. ಹಲ್ಲಿಲ್ಲದ ಅಷ್ಟಗಲ ನಗು.
ನನ್ನ ಬೆನ್ನಿಗೇ ಮಿಸ್ ಅರ್ನೆಲ್, ಸೆರಗಿಲ್ಲದ ಏಪ್ರನ್ನಿನಲ್ಲಿ ಹಿಟ್ಟು.

ಉಗುರಲ್ಲಿ ಹೋಗುವುದಕ್ಕೆ ಇಬ್ಬರೂ ಕೊಡಲಿ ಎತ್ತಿದರು.
"ಆರು ವರ್ಷದ ಕೂಸು! ತಲೆಯಲ್ಲಿ ಏನಿದೆ ನಿಮಗೆ?"
ನಾನು ಅಮ್ಮನಿಗೆ: ಸ್ವಲ್ಪ ಉದ್ದವಾಯಿತಂತೆ.
"ಕೇಳಿದ್ದನ್ನೇ ಕೊಟ್ಟೆ. ದುಡ್ಡಿಲ್ಲದಿದ್ದರೆ ಹಾಗೇ ಹೇಳಲಿ."
ನಾನು ಅವರಿಗೆ: ಅಮ್ಮನಿಗೆ ತುಂಬಾ ಬೇಜಾರಾಗಿದೆ, ತೆಗೆದುಬಿಡ್ತಾಳಂತೆ.
ಮತ್ತೆ ಅಮ್ಮನಿಗೆ: ತೆಗೆದರೆ ಸಾಕಂತೆ, ಥ್ಯಾಂಕ್ಸ್ ಅಂದರು.

ಉಗುರುಬೆಚ್ಚಗಿನ ನೀರಲ್ಲಿ ಅಸಿಟೋನಿನ ಬಟ್ಟಲು ತೇಲಿಸಿ
ಅಮ್ಮ ಒಂದೊಂದೇ ಬೆರಳು ಅದ್ದಿದಳು.
ಆಗ ಅತ್ತಳು ಒಡೆಟ್, ಅಲ್ಲಿಯವರೆಗೂ ಅಳದವಳು.
"ಕಿರುಬೆರಳದ್ದು ಇರಲಿ. ಅದೊಂದು."
"ಬೇಡ," ಅಂದರು ಅಜ್ಜಿ.
ಅದನ್ನು ನಾನು ಅನುವಾದಿಸಬೇಕಾಗಲಿಲ್ಲ.

ಬಾಗಿಲವರೆಗೆ ಹೋದವಳು ತಿರುಗಿ ಬಂದು
ನಾಲ್ಕು ನೋಟು ಮೇಜಿನ ಮೇಲಿಟ್ಟು, ಮೂಗು ಸುರಿಸುತ್ತ,
"ಟಿಪ್ಸ್," ಅಂದಳು.
ಅಮ್ಮ ಬೆಚ್ಚಿ ಎರಡೂ ಕೈ ಬೆನ್ನ ಹಿಂದೆ ಅಡಗಿಸಿದಳು.
ನಕ್ಕವಳು ನಾನೊಬ್ಬಳೇ.

ರಾತ್ರಿ ತನ್ನ ನೋಟ್‌ಬುಕ್ ತೆರೆದು ಕೇಳಿದಳು:
"ಆ ಪದಕ್ಕೆ ಎಷ್ಟು ಅರ್ಥ?"
"ಎರಡು," ಅಂದೆ.
ಎರಡು ಬರೆದು, ಕೆಳಗೊಂದು ಗೆರೆ ಖಾಲಿ ಬಿಟ್ಟಳು.

ಐಸಿನ ಚೀಲ ಬಾಗಿಲ ಬಳಿಯೇ ಕರಗಿ ನೀರಾಗಿತ್ತು.
ಯಾಕೆ ಅಂತ ಅಪ್ಪ ಕೇಳಿದ, ಬುಟ್ಟಿ ಇಳಿಸುತ್ತ.
ನಮ್ಮ ಭಾಷೆಯಲ್ಲೇ ಕೇಳಿದ.
ಆದರೂ ಅಮ್ಮ
ನನ್ನ ಮುಖ ನೋಡಿದಳು.